ಪ್ರಸಂಗಪೀಠ ತಗ್ಗಿಸಿದ್ದು

ನಾನು ಶಾಲೆ ಬಿಟ್ಟದ್ದು 1977ರಲ್ಲಿ, ಏಳನೇ ತರಗತಿಯ ನಡುವೆ. ಮಂಗಳೂರಿನಲ್ಲಿ ಕಲಿತ ಬಡಗಿ ಕೆಲಸವೇ ನನ್ನನ್ನು ಮಲೇಷ್ಯಾಕ್ಕೆ ತಂದಿತು. ನನ್ನ ಕೆಲಸದಲ್ಲಿ ಯಾರೂ ತಪ್ಪು ಹುಡುಕಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ.

1998ರಲ್ಲಿ ಪುಚೊಂಗ್‌ನ ನಮ್ಮ ಪ್ರೆಸ್ಬಿಟೇರಿಯನ್ ಸಭೆಗೆ ಮೊದಲ ಬಾರಿ ಈ ನೆಲದವರೇ ಒಬ್ಬರು ಸಭಾಪಾಲಕರಾಗಿ ಬಂದರು. ಅದುವರೆಗಿನವರೆಲ್ಲ ಸ್ಕಾಟ್ಲೆಂಡಿನ ಆರಡಿ ಆಳುಗಳು. ಇವರು ಇಲ್ಲೇ ಹುಟ್ಟಿದ ಚೀನೀ ಮೂಲದ ಯುವಕ, ಐದಡಿ ಎರಡಿಂಚು. ಸಭಾಪಾಲಕ ದೀಕ್ಷೆಗೆ ಮುಂಚೆ ಒಮ್ಮೆ ಪ್ರಸಂಗ ಮಾಡಿದಾಗ, ನಿಂತು ಮಾತಾಡುವ ಮರದ ಪೀಠದ ಹಿಂದೆ ಕಂಡದ್ದು ಕನ್ನಡಕ ಮತ್ತು ಕೂದಲು ಮಾತ್ರ. ಹಿಂದಿನ ಬೆಂಚಿನ ಮಕ್ಕಳು ಕಿಸಕ್ಕೆಂದರು.

ಹಿರಿಯರು ಸಭೆ ಸೇರಿದರು. ನಮ್ಮಲ್ಲಿ ಫ್ಯಾನು ಬದಲಿಸಲೂ ಮತ ಹಾಕಬೇಕು. ಅಳತೆ ಹೇಳಲು ನನ್ನನ್ನೂ ಕೂರಿಸಿದ್ದರು. ಪೀಠ ಕತ್ತರಿಸಿ ಎಂದು ಕೆಲವರು, ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದದ್ದಕ್ಕೆ ಗರಗಸ ತಾಗಿಸಬಾರದು ಎಂದು ಕೆಲವರು. ಮತ ಸಮಸಮ. ಕಾಲ ಕೆಳಗೆ ಪೆಟ್ಟಿಗೆ ಇಡೋಣ ಎಂದಾಗ ಸಭಾಪಾಲಕರ ಮುಖ ಕೆಂಪಾಯಿತು.

“ದೀಕ್ಷೆಯ ದಿನವೇ ಪೆಟ್ಟಿಗೆ ಹತ್ತಿದ್ರೆ, ಅವರ ಜಾಗಕ್ಕೆ ಇವನು ಸಾಲಲ್ಲ ಅಂತಾರೆ ಲಾ!” ‘ಲಾ’ ಇಲ್ಲಿಯವರ ಮಾತಿನ ಬಾಲ.

ದೀಕ್ಷೆಗೆ ಎರಡೇ ದಿನ ಉಳಿದಿತ್ತು. ಹಿರಿಯರಲ್ಲೊಬ್ಬರಾದ ಮಣಿಪಾಲದ ಡಾಕ್ಟರು ನನ್ನತ್ತ ತಿರುಗಿದರು. “ಎಂಥ ಮಾರಾಯ, ಕತ್ತರಿಸದೆ ತಗ್ಗಿಸ್ಲಿಕ್ಕೆ ಆಗ್ತದಾ?”

“ಆಗ್ತದೆ ಡಾಕ್ಟ್ರೇ. ಆಗದಿದ್ರೆ ಈ ಊರಲ್ಲಿ ಉಳಿ ಹಿಡಿಯುದಿಲ್ಲ.”

“ಆಪರೇಷನಿಗೆ ಮುಂಚೆ ನಾವೇ ಅಷ್ಟು ಗ್ಯಾರಂಟಿ ಕೊಡುದಿಲ್ಲ!”

ಹೇಳಿಬಿಟ್ಟೆ, ಹೇಗೆಂದು ಮಾತ್ರ ಗೊತ್ತಿರಲಿಲ್ಲ. ಯಾವ ಸಾಮಾನು ಬಂದರೂ ನಾನು ಮೊದಲು ನೋಡುವುದು ಅದರ ತಳ. ಶನಿವಾರ ಬೆಳಿಗ್ಗೆ ನಾಲ್ಕು ಜನ ಸೇರಿ ಪೀಠವನ್ನು ಚಾಪೆಯ ಮೇಲೆ ಮಲಗಿಸಿದೆವು. ಮೇಲಿನದೆಲ್ಲ ಓಕ್ ಮರ; ಕೆಳಗಿನ ಒಂಬತ್ತಿಂಚಿನ ಅಡಿಗಟ್ಟು ಮಾತ್ರ ಇಲ್ಲಿಯದೇ ಮೆರಾಂತಿ ಮರ. ಯಾವನೋ ಹಳೇ ಬಡಗಿ ಎತ್ತರದವರಿಗಾಗಿ ಸೇರಿಸಿದ್ದ! ಎಂಟು ಸ್ಕ್ರೂ ಬಿಚ್ಚಿದೆ, ಅಡಿಗಟ್ಟು ಕಳಚಿ ಬಂತು.

ಸಭಾಪಾಲಕರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಲ್ಲಿಯ ತಮಿಳರಂತೆ ಅವರೂ ನನ್ನನ್ನು ಅಣ್ಣೆ ಎನ್ನುವವರು. “ಅಣ್ಣೆ, ಪೆಟ್ಟಿಗೆ ಬೇಕಾಗಿದ್ದದ್ದು ಆ ಆರಡಿಯವರಿಗೇ!”

ಭಾನುವಾರ ಸಭಾಪಾಲಕರು ಮೊಣಕಾಲೂರಿದರು, ಹಿರಿಯರು ಅವರ ತಲೆಯ ಮೇಲೆ ಕೈಗಳನ್ನಿಟ್ಟು ಪ್ರಾರ್ಥಿಸಿದರು. ಸಭಾಪಾಲಕರು ಎದ್ದು ಪೀಠದಲ್ಲಿ ನಿಂತಾಗ ಮುಖ, ಕೊರಳಪಟ್ಟಿ, ಎರಡೂ ಕೈ, ಎಲ್ಲ ಕಂಡಿತು. ಅತಿಥಿಯಾಗಿ ಬಂದಿದ್ದ ಸ್ಕಾಟ್ಲೆಂಡಿನ ಹಿರಿಯರೊಬ್ಬರು ಸತ್ಯವೇದ ಓದಲು ಬಿಲ್ಲಿನಂತೆ ಬಾಗಬೇಕಾಯಿತು. ಈ ಸಲ ಮಕ್ಕಳ ಜೊತೆ ಡಾಕ್ಟರೂ ಕಿಸಕ್ಕೆಂದರು.

ಸುದ್ದಿ ಹಬ್ಬಿತು. ಸ್ಥಳೀಯರಿಗೆ ದೀಕ್ಷೆಯಾದ ಬೇರೆ ಸಭೆಗಳೂ ನನ್ನನ್ನು ಕರೆದವು. ಈಗ ನನಗೆ ಒಂದು ಶೆಡ್ಡು, ಒಂದು ವ್ಯಾನು, ಇಬ್ಬರು ಕೆಲಸಗಾರರು, ನಾನು ತಗ್ಗಿಸಿದ ನಾಲ್ಕು ಪೀಠಗಳು.