ಹುಲ್ಲುಹಾಸಿಗೆ ಚುಚ್ಚಿದ ಅಡಿಪಟ್ಟಿ

ಈ ಮಳೆಗಾಲ ನಮ್ಮ ಹುಲ್ಲುಹಾಸಿನಲ್ಲಿ ಒಂದೇ ಒಂದು ಕಸದ ಗಿಡ ಏಳುವುದಿಲ್ಲ ಎಂದು ಜೇವರ್ಗಿಯ ನಮ್ಮ ಓಣಿಗೆಲ್ಲ ಸಾರಿಬಿಟ್ಟಿದ್ದೆ. ಕಸ ಮೊಳೆಯುವ ಮೊದಲೇ ನೆಲಕ್ಕೆ ಹೊಡೆಯುವ ಔಷಧ ತಂದೆ. ಡಬ್ಬಿಯ ಮೇಲಿನ ಇಂಗ್ಲಿಷ್ ಸೂಚನೆಯನ್ನು ಎರಡು ಸಲ ಓದಿ, ತೊಗರಿ ಹೊಲಗಳಿಗೆ ಔಷಧ ಹೊಡೆಯುವ ಇಜೇರಿಯ ಮಲ್ಲಪ್ಪನನ್ನು ಕರೆಸಿದೆ.

ಅವನು ಪಂಪು ಬೆನ್ನಿಗೇರಿಸಿ ಹಿಂದುಹಿಂದಕ್ಕೆ ನಡೆಯತೊಡಗಿದ. "ನೆಟ್ಟಗೆ ಮುಂದಕ್ಕೆ ನಡಿಯಪ್ಪ," ಎಂದು ಗದರಿದೆ.

"ಹೊಡದ ನೆಲಾ ತುಳೀಬಾರದ್ರಿ ಸಾಹೇಬ್ರ. ಔಷಧದ ಪದರ ಎಲ್ಲಿ ಒಡೀತದೋ ಅಲ್ಲೇ ಕಸ ಏಳ್ತದ."

ಮಾತು ಸರಿ ಎನಿಸಿತು. ಅವನು ಹೋದ ಮೇಲೆ ನೀರು ಬಿಟ್ಟೆ. ಅದು ಅರ್ಧ ಇಂಚು ಇಳಿಯಬೇಕೆಂದು ಸೂಚನೆಯಲ್ಲಿತ್ತು. ಇಳಿದಿದೆಯೇ ಎಂದು ಅಂಚಿನ ಕಲ್ಲಿನ ಮೇಲೆ ನಿಂತು, ಅಡಿಗೊಂದು ಕಡೆ ಉಕ್ಕಿನ ಅಡಿಪಟ್ಟಿ ಚುಚ್ಚಿ ನೋಡಿದೆ. ತುಳಿಯಲಿಲ್ಲವಲ್ಲ!

ತಿಂಗಳ ನಂತರ ಹುಲ್ಲುಹಾಸು ಹೊಸ ಜಮಖಾನದಂತಿತ್ತು. ಅಂಚಿನಲ್ಲಿ ಮಾತ್ರ ಹನ್ನೆರಡು ಕಸದ ಗಿಡ ಎದ್ದಿದ್ದವು.

ಮಲ್ಲಪ್ಪ ಬಂದು ನೋಡಿ ನಕ್ಕ. "ಇವನ್ನ ಯಾರು ಬಿತ್ಯಾರ್ರಿ? ನಮ್ಮ ತೊಗರಿ ಸಾಲೂ ಇಷ್ಟು ನೆಟ್ಟಗ ಬರಂಗಿಲ್ಲ!"

ತಪ್ಪು ನನ್ನದೆಂದು ಓಣಿಗೆಲ್ಲ ನಾನೇ ಹೇಳಿದೆ. ಆದರೆ ಕೀಳುವ ಮೊದಲು ಅದೇ ಅಡಿಪಟ್ಟಿಯಿಂದ ಗಿಡಗಳ ನಡುವಿನ ಅಂತರ ಅಳೆದೆ. ಒಂದು ಗಿಡವೂ ಅಳತೆ ತಪ್ಪಿರಲಿಲ್ಲ.