ಮೆಟ್ಟಿಲಿಗೆ ಬೂದಿ, ಹಿಮಕ್ಕೆ ಮಸಿ

ಊರವರೆಲ್ಲ ಅವಳನ್ನು ಕರೆಯುತ್ತಿದ್ದುದು ಮಸಿಯಕ್ಕ ಅಂತ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಮೀನೆಣ್ಣೆ ಕಾರ್ಖಾನೆಯಲ್ಲಿ ಚಿಮಣಿಗೆ ಹೊಗೆ ಹೋಗುವ ದಾರಿಗೆ ಅಡ್ಡವಾಗಿ, ಮಸಿ ಹಿಡಿಯಲೆಂದು ನಲವತ್ತು ಬಟ್ಟೆಚೀಲ ತೂಗುತ್ತಿದ್ದವು. ದಿನಾ ಬೆಳಗ್ಗೆ ಕುಲುಮೆ ಹಚ್ಚುವ ಮೊದಲು ಅವನ್ನು ಇಳಿಸಿ, ಮಸಿ ಕೊಡವಿ, ಹರಿದದ್ದನ್ನು ಹೊಲಿದು, ಮತ್ತೆ ಕಟ್ಟುವುದು ಅವಳ ಕೆಲಸ. ಇಪ್ಪತ್ತಾರು ವರ್ಷವಾಗಿತ್ತು. ಅವಳ ಉಗುರಿನ ಸಂದಿಯ ಮಸಿ ಯಾವ ಸೋಪಿಗೂ ಜಗ್ಗಿರಲಿಲ್ಲ. ಅವಳೂ ಅಷ್ಟೆ, ಜಗ್ಗುವ ಪೈಕಿಯಲ್ಲ.

ಏಳು ತಿಂಗಳು ಹಿಮ ಹೊದ್ದು ಮಲಗುವ ಊರದು. ಎದುರಿನ ಕೊಲ್ಲಿ ಹೆಪ್ಪುಗಟ್ಟಿ ರಸ್ತೆಯೇ ಆಗಿಬಿಡುತ್ತಿತ್ತು. ನರ್ಸ್ ಆಗಿದ್ದ ಮಸಿಯಕ್ಕನ ಮಗಳು ಔಷಧಿ ಚೀಲ ಹೊತ್ತು ಆಚೆ ದಡದ ರೋಗಿಗಳ ಬಳಿ ಹೋಗುತ್ತಿದ್ದುದು ಆ ಮಂಜುಗಡ್ಡೆಯ ಮೇಲೇ.

ಚಳಿಗಾಲದ ತಿಂಗಳುಗಟ್ಟಲೆ ಕತ್ತಲೆ ಕಳೆದು, ಸೂರ್ಯ ಮರಳಿ ಬಂದು ಬಿಸಿಲು ಬಲಿತ ವಾರ ಮ್ಯಾನೇಜರ್ ಅವಳನ್ನು ಕರೆಸಿದ.

"ಅಕ್ಕಾ, ಚೀಲ ಕಟ್ಟಿ ಕಟ್ಟಿ ಹೊಗೆ ಹೊರಗೆ ಹೋಗ್ತಿಲ್ಲ, ಕುಲುಮೆ ಸರಿಯಾಗಿ ಉರೀತಿಲ್ಲ. ಎಣ್ಣೆ ಒಯ್ಯೋ ಹಡಗು ಬರೋ ತನಕ ಎಲ್ಲಾ ಬಿಚ್ಚಿಡಿ."

"ಬಿಚ್ಚಿದ್ರೆ ಮಸಿ ಹೋಗಿ ಕೊಲ್ಲಿ ಮೇಲೆ ಕೂರುತ್ತೆ. ಗಡ್ಡೆ ಬೇಗ ಕರಗಿ ಒಡೆಯುತ್ತೆ. ನನ್ನ ಮಗಳು ಹಾರ್ಕೊಂಡು ಹೋಗ್ಬೇಕಾ?"

ಮ್ಯಾನೇಜರ್ ನಕ್ಕ. "ಅಷ್ಟು ಹಿಮಕ್ಕೆ ಚಿಟಿಕೆ ಮಸಿ ಏನ್ಮಾಡುತ್ತೆ? ಆನೆಗೆ ಇರುವೆ ಕಚ್ಚಿದ ಹಾಗೆ!"

"ಹಾಗಾದ್ರೆ ನಿಮ್ಮನೆ ಮೆಟ್ಟಿಲಿಗೆ ಒಲೆಯ ಕರಿಬೂದಿ ಯಾಕೆ ಎರಚ್ತೀರಿ?"

"ಜಾರಬಾರ್ದು ಅಂತ."

"ಜಾರದೆ ಇರೋಕೆ ಮರಳು ಸಾಕು. ಬೂದಿ ಹಾಕೋದು ಗಡ್ಡೆ ಕರಗಲಿ ಅಂತ. ನಿಮ್ಮಮ್ಮನ್ನ ಕೇಳಿ ನೋಡಿ."

ಮ್ಯಾನೇಜರನ ನಗು ಆರಿತು. "ಐದು ದಿನ ಟೈಮು. ಚೀಲ ಬಿಚ್ಚಿ, ಇಲ್ಲಾ ಕುಲುಮೆಮನೆ ಬೀಗದ ಕೈ ಇಟ್ಟು ಮನೆಗೆ ನಡೀರಿ."

ಮಸಿಯಕ್ಕ ಆವತ್ತೇ ಒಂದು ಡಬ್ಬಿ ಮಸಿ ತಂದು, ಅವನ ಕಿಟಕಿಯ ಕೆಳಗಿನ ಅಂಗಳದಲ್ಲಿ ಗೇಣು ದಪ್ಪ ಬಿದ್ದಿದ್ದ ಹಿಮದ ಮೇಲೆ ತೆಳ್ಳಗೆ ಉದುರಿಸಿದಳು. ಅರ್ಧ ಅಂಗಳಕ್ಕೆ ಮಾತ್ರ.

ಕುಲುಮೆ ಹಚ್ಚುವವನು ಅವಳ ಮೈದುನ. "ಏನತ್ತಿಗೆ, ಹಿಮಕ್ಕೂ ಕಾಡಿಗೆ ಹಚ್ತಿದ್ದೀಯಾ?" ಎಂದ.

"ಹೂಂ ಕಣಪ್ಪ. ಮೇಲಿನವರಿಗೆ ಕಣ್ಣು ಕಾಣಲಿ ಅಂತ."

ಬಿಸಿಲು ಯಾರ ಪರವೂ ಅಲ್ಲ ನೋಡಿ. ಬಿಳಿ ಹಿಮ ಬಂದ ಬಿಸಿಲನ್ನು ಬಂದ ಹಾಗೇ ವಾಪಸು ಕಳಿಸಿತು. ಕರಿ ಹಿಮ ಅದನ್ನು ಒಳಗೆ ಕರೆದು ಕೂರಿಸಿಕೊಂಡಿತು. ಐದನೇ ದಿನಕ್ಕೆ ಕರಿ ಅರ್ಧದಲ್ಲಿ ಬರಿಯ ಹಾಸುಗಲ್ಲು, ಬಿಳಿ ಅರ್ಧದಲ್ಲಿ ಇನ್ನೂ ಗೇಣಿಗೆ ಎರಡು ಬೆರಳು ಕಮ್ಮಿ ಹಿಮ. ಸಾಲದ್ದಕ್ಕೆ, ಬಿಸಿಲು ಕುಡಿದ ಕಲ್ಲು ಪಕ್ಕದ ಬಿಳಿಯನ್ನೂ ಅಂಚಿನಿಂದ ತಿನ್ನತೊಡಗಿತ್ತು.

"ನಾಟಕ ಸಾಕು, ಬೀಗದ ಕೈ ಕೊಡಿ," ಎಂದ ಮ್ಯಾನೇಜರ್.

ಕೊಟ್ಟಳು. ಕೊಟ್ಟವಳು ಮನೆಗೆ ಹೋಗದೆ, ಕುಲುಮೆಯ ಬಾಗಿಲಿಗೇ ಸ್ಟೂಲು ಹಾಕಿ, ಬೆಳಗ್ಗೆ ಇಳಿಸಿದ್ದ ಚೀಲಗಳನ್ನು ಗುಡ್ಡೆ ಹಾಕಿಕೊಂಡು ಹೊಲಿಯುತ್ತ ಕೂತಳು. "ಬೀಗದ ಕೈ ಕಂಪನಿದು, ಕೊಟ್ಟೆ. ಸೂಜಿ ನಂದು."

"ಕುಲುಮೆ ಹಚ್ಚೋ!" ಎಂದು ಮ್ಯಾನೇಜರ್ ಮೈದುನನ ಮೇಲೆ ಹರಿಹಾಯ್ದ.

ಮೈದುನ ಬೆಂಕಿಪೊಟ್ಟಣ ಜೇಬಿಗೆ ಹಾಕಿಕೊಂಡ. "ಚೀಲ ಕಟ್ಟದ ಕುಲುಮೆಗೆ ನಾನು ಕಡ್ಡಿ ಗೀರಲ್ಲ ಸಾರ್. ನಾನೂ ಅದೇ ಗಡ್ಡೆ ಮೇಲೆ ನಡೆಯೋನು."

ಮಧ್ಯಾಹ್ನವಾದರೂ ಚಿಮಣಿಯಿಂದ ಹೊಗೆ ಏಳಲಿಲ್ಲ. ಕುಲುಮೆಯ ಕಾವಿನಿಂದಲೇ ಬೆಚ್ಚಗಿರುತ್ತಿದ್ದ ಮೇಲಿನ ಆಫೀಸೂ ತಣ್ಣಗಾಯಿತು. ಮ್ಯಾನೇಜರ್ ಕೋಟು ಹಾಕಿಕೊಂಡು ಕಿಟಕಿಯಲ್ಲಿ ನಿಂತ. ಅರ್ಧ ಕಲ್ಲು, ಅರ್ಧ ಹಿಮ. ಅದನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಬೀಗದ ಕೈ ಹಿಡಿದು ಕೆಳಗಿಳಿದು ಬಂದ.

"ನಲವತ್ತೂ ಕಟ್ಟೋಕೆ ಎಷ್ಟೊತ್ತು ಬೇಕು?"

ಮಸಿಯಕ್ಕ ತಲೆ ಎತ್ತಲಿಲ್ಲ. "ಮೂವತ್ತೊಂಬತ್ತು ರೆಡಿ ಇವೆ. ಇದೊಂದು ಹರಿದಿದೆ. ಆ ತುದಿ ಬಿಗಿಯಾಗಿ ಹಿಡ್ಕೊಳ್ಳಿ. ಕೈ ಮಸಿಯಾಗುತ್ತೆ, ಆಗಲಿ."