ಜೇಬಿನಿಂದ ಹೊರಬಾರದ ಕೈ

ಮೌಲ್ಯಮಾಪನ ಮುಗಿದು ಕಾಲೇಜಿಗೆ ರಜೆ ಬಿದ್ದಿತ್ತು. ವಿದ್ಯಾರಣ್ಯಪುರದ ಮನೆಯಲ್ಲಿ ಹಗಲೆಲ್ಲ ನಾನೊಬ್ಬಳೇ. ಬೇಗ ಅಡುಗೆ ಮುಗಿಸಿ ಥ್ರಿಲ್ಲರ್ ಸಿನಿಮಾ ಹಾಕಿಕೊಂಡು ಕೂರುತ್ತಿದ್ದೆ. ಮೊದಲಿನಿಂದಲೂ ಅವುಗಳ ಹುಚ್ಚು ನನಗೆ. ಕೊಲೆಗಾರ ಯಾರೆಂದು ಅರ್ಧದಲ್ಲೇ ಹೇಳಿಬಿಡುತ್ತೇನೆಂಬ ಜಂಬ ಬೇರೆ.

ಅದೇ ವಾರ ಹತ್ತಿರದ ಬಡಾವಣೆಯೊಂದರಲ್ಲಿ ಒಂಟಿ ಹೆಂಗಸಿನ ಮನೆಗೆ ಯಾರೋ ನುಗ್ಗಿದ್ದರು. ಸುದ್ದಿ ಕೇಳಿ ನನ್ನ ಗಂಡ ಮರುದಿನವೇ ಗೇಟಿಗೆ ಕ್ಯಾಮೆರಾ ಹಾಕಿಸಿದರು. ಯಾರಾದರೂ ಹತ್ತಿರ ಬಂದರೆ ನನ್ನ ಮೊಬೈಲು ಟಿಂಗ್ ಎನ್ನುತ್ತಿತ್ತು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಟಿಂಗ್ ಎಂದಿತು. ಅರವತ್ತರ ಆಸುಪಾಸಿನ ಗಂಡಸೊಬ್ಬ ಎಡಗೈಯಲ್ಲಿ ನಮ್ಮ ಗೇಟು ಹಿಡಿದು ನಿಂತಿದ್ದ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಐದು ನಿಮಿಷ ಮನೆಯ ಕಡೆಯೇ ನೋಡಿ ಹೊರಟುಹೋದ. ಮಂಗಳವಾರವೂ ಬಂದ, ಬುಧವಾರವೂ ಬಂದ. ಅದೇ ಹೊತ್ತು, ಅದೇ ನಿಲುವು. ಆ ಕೈ ಮಾತ್ರ ಜೇಬಿನಿಂದ ಹೊರಗೆ ಬರುತ್ತಲೇ ಇರಲಿಲ್ಲ. ಸಿನಿಮಾಗಳಲ್ಲಿ ಕೈ ಹೀಗೆ ಜೇಬಿನಲ್ಲಿದ್ದರೆ ಅದರಲ್ಲಿ ಏನಿರುತ್ತದೆಂದು ನನಗೆ ಗೊತ್ತಿತ್ತು. ಬಾಗಿಲ ಚಿಲಕ ಮತ್ತೊಮ್ಮೆ ನೋಡಿ ಬಂದೆ.

ಬುಧವಾರ ಸಂಜೆ ಮೂರು ದಿನದ ದೃಶ್ಯಗಳನ್ನೂ ರಸ್ತೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಜೊತೆಗೆ ಬರೆದೆ: 'ಮನೆ ಗುರುತು ಹಾಕಿಕೊಳ್ಳುತ್ತಿದ್ದಾನೆ. ಜೇಬಿನಲ್ಲಿ ಏನಿದೆಯೋ ಗೊತ್ತಿಲ್ಲ. ಎಚ್ಚರ.' ಕ್ಷಣದಲ್ಲಿ ಉತ್ತರಗಳು ಬರತೊಡಗಿದವು. ಹತ್ತಾರು ಜನ ನನ್ನ ಸೂಕ್ಷ್ಮ ದೃಷ್ಟಿಯನ್ನು ಹೊಗಳಿದರು. ಹಿತವೆನಿಸಿತು, ಸುಳ್ಳೇಕೆ ಹೇಳಲಿ.

ಗುರುವಾರ ಟಿಂಗ್ ಎನ್ನುವ ಮೊದಲೇ ಹೊರಗೆ ಗದ್ದಲ ಕೇಳಿಸಿತು. "ಮೇಡಂ, ಹಿಡ್ಕೊಂಡಿದ್ದೀವಿ, ಬನ್ನಿ!" ಎಂದು ಎದುರು ಮನೆಯವರು ಕೂಗಿದರು. ಬ್ಯಾಂಕಿನಿಂದ ನಿವೃತ್ತರಾದವರು, ನಾನು ಅವರ ದನಿ ಏರಿದ್ದನ್ನೇ ಕೇಳಿರಲಿಲ್ಲ.

ಬಾಗಿಲು ತೆರೆದೆ. ಏಳೆಂಟು ಗಂಡಸರು ಅವನನ್ನು ನಮ್ಮ ಕಾಂಪೌಂಡಿಗೆ ಒತ್ತಿ ಹಿಡಿದಿದ್ದರು.

"ಯಾವ ಏರಿಯಾ ನಿಂದು? ಬಾಯಿ ಬಿಡು!"

ಅವನ ಬಾಯಿಂದ "ಅ... ಮ... ಮ..." ಎಂಬ ಸದ್ದಷ್ಟೇ ಬಂತು. ತುಟಿ ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು.

"ಬೆಳಿಗ್ಗೆನೇ ಕುಡ್ದವ್ನೆ ಗುರು," ಎಂದು ಯಾರೋ ನಕ್ಕರು.

ಅವನು ಎಡಗೈಯನ್ನು ಅಂಗಿಯ ಜೇಬಿನತ್ತ ಒಯ್ದ. "ಚಾಕು ತೆಗೀತಿದ್ದಾನೆ, ಹಿಡೀರಿ!" ಇಬ್ಬರು ಆ ಕೈಯನ್ನು ತಿರುಚಿದರು. ಎದುರು ಮನೆಯವರು ಕೆನ್ನೆಗೆ ಬಾರಿಸಿದರು. ಕನ್ನಡಕ ಹಾರಿ ಚರಂಡಿಯ ಪಕ್ಕ ಬಿತ್ತು. ಇಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು.

ಎಳೆದಾಟದಲ್ಲಿ ಅವನ ಬಲಗೈ ಪ್ಯಾಂಟಿನ ಜೇಬಿನಿಂದ ಹೊರಬಂತು. ಅದರಲ್ಲಿ ಏನೂ ಇರಲಿಲ್ಲ. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಕೈ ಬಟ್ಟೆಯಂತೆ ಜೋತುಬಿತ್ತು. ನನಗೆ ಆಗಲೇ ತಿಳಿಯಿತು. ಆದರೂ ಇನ್ನೊಂದು ಏಟು ಬೀಳುವವರೆಗೆ ಗೇಟಿನೊಳಗೇ ನಿಂತಿದ್ದೆ.

"ಬಿಡ್ರೀ! ಅವರಿಗೆ ಹುಷಾರಿಲ್ಲ, ಬಿಡ್ರೀ!" ಎಂದು ನುಗ್ಗಿದೆ. ಅವರ ಅಂಗಿಯ ಜೇಬಿಗೆ ನಾನೇ ಕೈ ಹಾಕಿದೆ. ಪ್ಲಾಸ್ಟಿಕ್ ಹೊದಿಸಿದ ಚೀಟಿ ಸಿಕ್ಕಿತು. 'ನನಗೆ ಪಾರ್ಶ್ವವಾಯು ಆಗಿದೆ. ಮಾತು ಬರುವುದಿಲ್ಲ. ದಯವಿಟ್ಟು ನನ್ನ ಮಗಳಿಗೆ ಫೋನ್ ಮಾಡಿ.' ಜೋರಾಗಿ ಓದಿದೆ. ಓದಿ ಮುಗಿಸುವಷ್ಟರಲ್ಲಿ ಅರ್ಧ ಜನ ಜಾಗ ಖಾಲಿ ಮಾಡಿದ್ದರು.

ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಮಗಳು ಹತ್ತೇ ನಿಮಿಷಕ್ಕೆ ಸ್ಕೂಟರಿನಲ್ಲಿ ಬಂದಳು. ಅವರ ಮನೆ ಮೂರು ರಸ್ತೆ ಆಚೆ. ದಿನಾ ಇಷ್ಟು ದೂರ ನಡೆಯಬೇಕೆಂದು ಡಾಕ್ಟರು ಹೇಳಿದ್ದರಂತೆ. ನಮ್ಮ ಗೇಟಿನವರೆಗೆ ಬಂದು, ದಣಿವಾರಿಸಿಕೊಂಡು ಮರಳುತ್ತಿದ್ದರು.

"ಮೂರು ದಿನ ಕ್ಯಾಮೆರಾದಲ್ಲಿ ನೋಡಿ ಗ್ರೂಪಿಗೆ ಹಾಕಿದ್ದು ನಾನೇ," ಎಂದೆ. ಮುಚ್ಚಿಡಲು ಮನಸ್ಸಾಗಲಿಲ್ಲ.

ಅಪ್ಪನ ತುಟಿಯ ರಕ್ತ ಒರೆಸುತ್ತಿದ್ದ ಅವಳು ತಲೆ ಎತ್ತಿದಳು. "ಮೂರು ದಿನ ನೋಡಿದ್ದೀರಲ್ಲ ಮೇಡಂ. ಹೊರಗೆ ಬಂದು ಒಂದು ಸಲ ಯಾರು ಬೇಕು ಅಂತ ಕೇಳಕ್ಕಾಗ್ಲಿಲ್ವಾ?"

ಮುಚ್ಚಿದ ಬಾಗಿಲ ಹಿಂದೆ, ಅಂಗೈಯ ಮೊಬೈಲಿನಲ್ಲಿ ಅವರನ್ನು ನೋಡುತ್ತ, ಮುಂದೇನಾಗುತ್ತದೋ ಎಂದು ಕಾದಿದ್ದೆ. ಆ ಭಯದಲ್ಲಿ ಒಂದಿಷ್ಟು ಖುಷಿಯೂ ಇತ್ತೆಂದು ಈಗ ಒಪ್ಪಿಕೊಳ್ಳಬೇಕು. ಸಮಾಜದಲ್ಲಿ ಹಿಂಸೆ ಹೆಚ್ಚುತ್ತಿದೆಯೆಂದು ಸ್ಟಾಫ್ ರೂಮಿನಲ್ಲಿ ಮರುಗುತ್ತಿದ್ದವಳು ನಾನು.

ಅಪ್ಪ, ಮಗಳು ಪೊಲೀಸರಿಗೆ ದೂರು ಕೊಡಲಿಲ್ಲ. ಎದುರು ಮನೆಯವರು ಎರಡು ವಾರ ಹೊರಗೆ ಕಾಣಿಸಿಕೊಳ್ಳಲಿಲ್ಲ. ಗುಂಪಿನಲ್ಲಿ ನಾನು ನಡೆದದ್ದನ್ನೆಲ್ಲ ಬರೆದೆ. ಅದಕ್ಕೆ ಯಾರೂ ಉತ್ತರಿಸಲಿಲ್ಲ.

ಅದೇ ವಾರದ ಭಾನುವಾರ ಹೊಸ ಕನ್ನಡಕ ಮಾಡಿಸಿಕೊಡುತ್ತೇನೆಂದು ಆ ಅಪ್ಪ ಮಗಳ ಮನೆಗೆ ಹೋದೆ. ಆಗಲೇ ಮಾಡಿಸಿದ್ದರು. ಅಪ್ಪ ಈಗ ರಸ್ತೆಗಿಳಿಯುವುದಿಲ್ಲ, ತಾರಸಿಯ ಮೇಲೆಯೇ ನಡೆಯುತ್ತಾರೆ ಎಂದಳು ಮಗಳು. ಒಳಗೆ ಕುರ್ಚಿಯಲ್ಲಿದ್ದ ಅವರು ನನ್ನನ್ನು ಕಂಡೊಡನೆ ಎಡಗೈ ಎತ್ತಿದರು. ನಮಸ್ಕಾರಕ್ಕೆಂದು ಭಾವಿಸಿ ನಾನೂ ಕೈ ಮುಗಿದೆ. ಅವರು ಆ ಕೈಯಿಂದ ಮುಖ ಮುಚ್ಚಿಕೊಂಡರು.